ಐದು ದೂರದ ಊರುಗಳು: ವಾಪಸಾಗುವ ದಿನ ಯಾರ ಕೈಯಲ್ಲಿದೆ?

ದೂರದ ಊರಿಗೆ ಹೋಗಬೇಕೆಂದು ನಕಾಶೆ ಹರಡಿಕೊಂಡು ಕುಳಿತವರು ಮೊದಲು ಅಳೆಯುವುದು ಕಿಲೋಮೀಟರುಗಳನ್ನು. ಆ ಲೆಕ್ಕ ದಾರಿ ತಪ್ಪಿಸುತ್ತದೆ. ನಾರ್ವೆಗೆ ಸೇರಿದ ಲಾಂಗಿಯರ್‌ಬೀನ್ ಉತ್ತರ ಧ್ರುವದಿಂದ ಸುಮಾರು 1,300 ಕಿ.ಮೀ. ಈಚೆಗಿದೆ, ಆದರೂ ಓಸ್ಲೋದಲ್ಲಿ ವಿಮಾನ ಹತ್ತಿದರೆ ಮೂರು ಗಂಟೆಯಲ್ಲಿ ಅಲ್ಲಿರುತ್ತೀರಿ. ಕೇಪ್‌ಟೌನ್‌ನಿಂದ 2,800 ಕಿ.ಮೀ. ದೂರದ ಟ್ರಿಸ್ಟನ್ ಡ ಕುನ್ಹಾ ದ್ವೀಪಕ್ಕೆ ಹಡಗಿನಲ್ಲಿ ಒಂದು ವಾರ ಬೇಕು. ತಲುಪಿದ ಮೇಲೂ ಅಲೆ ಎದ್ದಿದ್ದರೆ ಊರನ್ನು ಕಣ್ಣೆದುರೇ ಇಟ್ಟುಕೊಂಡು ಹಡಗಿನಲ್ಲೇ ಕಾಯಬೇಕು.

ಹಲವು ವರ್ಷಗಳಿಂದ ಇಂಥ ಊರುಗಳ ಚರಿತ್ರೆಯನ್ನೂ ಅಲ್ಲಿ ಬದುಕಿದವರ ಕಥೆಗಳನ್ನೂ ಓದುತ್ತಾ ಬಂದಿರುವ ನನಗೆ, ಆಯ್ಕೆಗೆ ನಿಜವಾಗಿ ನೆರವಾಗುವ ಪ್ರಶ್ನೆಗಳು ಎರಡೇ ಎನಿಸಿದೆ. ವಾಪಸಾಗುವ ದಿನವನ್ನು ನಿಶ್ಚಯಿಸುವವರು ಯಾರು: ನೀವೋ, ವಿಮಾನವೋ, ಹಡಗೋ, ಸಮುದ್ರವೋ? ಅಲ್ಲಿ ನೀವು ನೋಡಲು ಹೊರಟಿರುವುದು ಯಾರ ಬದುಕನ್ನು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ತಾನಾಗಿ ಇತ್ಯರ್ಥವಾಗುತ್ತದೆ. ಹೋಲಿಕೆಗೆ ಐದು ಊರುಗಳನ್ನು ತೆಗೆದುಕೊಂಡಿದ್ದೇನೆ: ಆಸ್ಟ್ರೇಲಿಯಾದ ಕೂಬರ್ ಪೀಡಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗಿಯರ್‌ಬೀನ್, ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ಮತ್ತು ಟ್ರಿಸ್ಟನ್ ಡ ಕುನ್ಹಾ, ಶಾಂತಸಾಗರದ ಪಿಟ್‌ಕೇರ್ನ್. ಹಿಡಿತ ನಿಮ್ಮ ಕೈಯಲ್ಲೇ ಇರುವ ಊರಿನಿಂದ ಹೊರಟು, ಅದು ಪೂರ್ತಿ ಕೈತಪ್ಪುವ ಊರಿನ ಕಡೆಗೆ ಹೋಗೋಣ. ಪಿಟ್‌ಕೇರ್ನ್ ಒಂದನ್ನು ಮಾತ್ರ, ಅದರ ಕಥೆಯ ಕಾರಣಕ್ಕೆ, ಕೊನೆಗಿಟ್ಟಿದ್ದೇನೆ.

ಬೇಡವೆನಿಸಿದರೆ ಮರುದಿನವೇ ಹೊರಡಬಹುದಾದ ಊರು

ಕೂಬರ್ ಪೀಡಿ ಇರುವುದು ಅಡಿಲೇಡ್‌ನಿಂದ ಉತ್ತರಕ್ಕೆ 846 ಕಿ.ಮೀ. ದೂರದಲ್ಲಿ, ಸ್ಟೂವರ್ಟ್ ಹೆದ್ದಾರಿಯ ಮೇಲೆ. ಕಾರಿದ್ದರೆ ಸಾಕು, ಯಾರ ವೇಳಾಪಟ್ಟಿಗೂ ಕಾಯಬೇಕಿಲ್ಲ. 1915ರ ಫೆಬ್ರುವರಿಯಲ್ಲಿ ವಿಲ್ಲಿ ಹಚಿಸನ್ ಎಂಬ 14 ವರ್ಷದ ಹುಡುಗ, ಚಿನ್ನ ಹುಡುಕಲು ಬಂದ ತಂದೆಯ ತಂಡದ ಜೊತೆಗಿದ್ದವನು, ಇಲ್ಲಿ ನೆಲದ ಮೇಲೆ ಬಿದ್ದಿದ್ದ ಓಪಲ್ ಎಂಬ ರತ್ನದ ತುಣುಕುಗಳನ್ನು ಕಂಡ. ಊರು ಹುಟ್ಟಿದ್ದು ಹಾಗೆ. ಮೊದಲ ಮಹಾಯುದ್ಧ ಮುಗಿಸಿ ಬಂದವರು ಕಂದಕದಲ್ಲಿ ಬದುಕಿದ ಅಭ್ಯಾಸವನ್ನು ಇಲ್ಲಿಗೆ ತಂದು ಗುಡ್ಡದ ಒಳಗೇ ಮನೆ ಕೊರೆದುಕೊಂಡರು. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ದಾಟಿದಾಗಲೂ ಒಳಗೆ 23ರಿಂದ 25 ಡಿಗ್ರಿ ಇರುತ್ತದೆ.

ಇಲ್ಲಿನ ಹೋಟೆಲುಗಳಲ್ಲಿ ನೆಲದಡಿಯ ಕೋಣೆಯನ್ನೇ ಕೇಳಿ ಪಡೆಯಬಹುದು. ಕೆಂಪು, ಕೆನೆ ಬಣ್ಣದ ಪಟ್ಟೆಗಳಿರುವ ಕಲ್ಲಿನ ಗೋಡೆ, ಅದರ ಮೇಲೆ ಕೊರೆಯುವ ಯಂತ್ರದ ಹಲ್ಲುಗಳು ಬಿಟ್ಟುಹೋದ ಬಾಗಿದ ಗೀರುಗಳು, ಗಾಳಿಗೆಂದು ಮೇಲಕ್ಕೆ ಕೊರೆದ ಒಂದು ಕೊಳವೆ. ಕಿಟಕಿ ಇಲ್ಲ. ದೀಪ ಆರಿಸಿದರೆ ಅಂಗೈ ಕಾಣದಷ್ಟು ಕತ್ತಲು, ಪಕ್ಕದ ಕೋಣೆಯ ಸದ್ದೂ ಕೇಳುವುದಿಲ್ಲ. ಕೆಲವರಿಗೆ ಇಂಥ ನಿದ್ದೆ ಬೇರೆಲ್ಲೂ ಸಿಗದು, ಮುಚ್ಚಿದ ಜಾಗ ಕಂಡರೆ ಉಸಿರುಗಟ್ಟುವವರಿಗೆ ಅದೇ ರಾತ್ರಿ ಶಿಕ್ಷೆ. ನೀವು ಯಾವ ಬಗೆಯವರೆಂದು ಮೊದಲೇ ಯೋಚಿಸಿಕೊಂಡು ಕೋಣೆ ಕಾದಿರಿಸಿ, ನೆಲದ ಮೇಲಿನ ವಸತಿಯೂ ಇದೆ.

ಊರನ್ನು ಓಪಲ್ ಅಂಗಡಿಗಳಿಂದಷ್ಟೇ ಅಳೆಯಬೇಡಿ. 1960ರ ದಶಕದಲ್ಲಿ ಫೇ ನೇಲರ್ ಎಂಬಾಕೆ ಇಬ್ಬರು ಗೆಳತಿಯರೊಂದಿಗೆ ಸೇರಿ ಗುದ್ದಲಿ, ಸಲಿಕೆ ಹಿಡಿದು ಕೈಯಿಂದಲೇ ಕೊರೆದ ಮನೆ ಇಂದಿಗೂ ಇದೆ, ಒಳಗೆ ಹೋಗಿ ನೋಡಬಹುದು. ಇದೇ ಊರಿನಲ್ಲಿ ‘ಕೂಪ ಪಿಟಿ ಕುಂಗ್ಕ ಚುಟ’ ಎಂಬ ಮೂಲನಿವಾಸಿ ಹಿರಿಯ ಮಹಿಳೆಯರ ಮಂಡಳಿ ಹುಟ್ಟಿತು. ತಮ್ಮ ಮರುಭೂಮಿಯಲ್ಲಿ ಅಣುತ್ಯಾಜ್ಯ ಹೂಳುವ ಸರ್ಕಾರಿ ಯೋಜನೆಯ ವಿರುದ್ಧ ಈ ಅಜ್ಜಿಯರು ವರ್ಷಗಟ್ಟಲೆ ಹೋರಾಡಿದರು. ಮಂಡಳಿಯ ಮುಂದಾಳುಗಳಾದ ಐಲೀನ್ ಕಂಪಕುಟ ಬ್ರೌನ್ ಮತ್ತು ಐಲೀನ್ ವಾನಿ ವಿಂಗ್‌ಫೀಲ್ಡ್ ಅವರಿಗೆ 2003ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2004ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನನ್ನ ಮಟ್ಟಿಗೆ ಈ ಊರಿಗೆ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಒಂದು ಎಚ್ಚರಿಕೆಯಿದೆ. ಊರಿನ ಸುತ್ತ ತೋಡಿ ಬಿಟ್ಟ ಓಪಲ್ ಗುಂಡಿಗಳು ಲೆಕ್ಕವಿಲ್ಲದಷ್ಟಿವೆ, ಬಹುತೇಕ ಎಲ್ಲವೂ ಬಾಯಿ ತೆರೆದುಕೊಂಡೇ ಇವೆ. ಹಿಂದಕ್ಕೆ ನಡೆಯಬೇಡಿ ಎಂದು ಅಲ್ಲಿ ಫಲಕಗಳನ್ನೇ ಹಾಕಿದ್ದಾರೆ, ಕ್ಯಾಮೆರಾ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯುವವರಿಗಾಗಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳು ಹಿತವಾಗಿರುತ್ತವೆ.

ಲಾಂಗಿಯರ್‌ಬೀನ್: ದೂರವೆನಿಸುವ, ಆದರೆ ಕೈಗೆಟಕುವ ಊರು

ಐದರಲ್ಲಿ ತಲುಪಲು ಎರಡನೆಯ ಸುಲಭದ ಊರು ಇದು. ಓಸ್ಲೋ ಮತ್ತು ಉತ್ತರ ನಾರ್ವೆಯ ಟ್ರೋಮ್ಸೊದಿಂದ ವಿಮಾನಗಳು ನಿಯಮಿತವಾಗಿ ಬರುತ್ತವೆ. ಹವೆ ಕೆಟ್ಟು ಒಂದು ತಪ್ಪಿಹೋದರೆ ಇನ್ನೊಂದಕ್ಕೆ ಕಾಯುವುದು ಗಂಟೆಗಳ ಮಾತು, ಹೆಚ್ಚೆಂದರೆ ಒಂದೆರಡು ದಿನ. ಆದ್ದರಿಂದ ರಜೆ ಕಡಿಮೆ ಇರುವವರಿಗೆ ದ್ವೀಪಗಳಿಗಿಂತ ಇದನ್ನೇ ಸೂಚಿಸುತ್ತೇನೆ.

ಇಲ್ಲಿನ ಕಾನೂನಿನ ಕಥೆಯೇ ಒಂದು ಅಚ್ಚರಿ. 1920ರಲ್ಲಿ ಸಹಿಯಾಗಿ 1925ರಲ್ಲಿ ಜಾರಿಗೆ ಬಂದ ಸ್ವಾಲ್ಬಾರ್ಡ್ ಒಪ್ಪಂದ ದ್ವೀಪಸಮೂಹದ ಒಡೆತನವನ್ನು ನಾರ್ವೆಗೆ ಕೊಟ್ಟಿತು, ಆದರೆ ಸಹಿ ಹಾಕಿದ ದೇಶಗಳ ಪ್ರಜೆಗಳಿಗೆಲ್ಲ ಅಲ್ಲಿ ದುಡಿಯುವ ಸಮಾನ ಹಕ್ಕನ್ನೂ ಉಳಿಸಿತು. ಇಂದಿಗೂ ಸ್ವಾಲ್ಬಾರ್ಡ್‌ನಲ್ಲಿ ನೆಲೆಸಲು ವೀಸಾ ಕೇಳುವುದಿಲ್ಲ. ಆದರೆ ವಿಮಾನ ನಾರ್ವೆಯ ಮುಖ್ಯಭೂಮಿಯನ್ನು ಹಾದುಹೋಗುತ್ತದೆ, ಅಲ್ಲಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೇಕಾದವರು, ಸ್ವಾಲ್ಬಾರ್ಡ್ ಆ ವಲಯದ ಹೊರಗಿರುವುದರಿಂದ, ಎರಡು ಸಲ ಪ್ರವೇಶವಿರುವ ವೀಸಾವನ್ನೇ ತೆಗೆದುಕೊಳ್ಳಬೇಕು. ಇಲ್ಲವಾದರೆ ಹೋಗುವುದು ಸರಾಗ, ಬರುವುದು ತೊಡಕು. ಇನ್ನೊಂದು ಮಾತು: ವೀಸಾ ಇಲ್ಲವೆಂದರೆ ಆಸರೆ ಇದೆ ಎಂದಲ್ಲ. ತನ್ನನ್ನು ತಾನು ಸಾಕಿಕೊಳ್ಳಲಾಗದವರನ್ನು ವಾಪಸು ಕಳಿಸುವ ಅಧಿಕಾರ ಅಲ್ಲಿನ ಗವರ್ನರ್‌ಗೆ ಇದೆ.

ಊರನ್ನು 1906ರಲ್ಲಿ ಕಟ್ಟಿದ್ದು ಜಾನ್ ಮನ್ರೊ ಲಾಂಗಿಯರ್ ಎಂಬ ಅಮೆರಿಕದ ಉದ್ಯಮಿ, ಕಲ್ಲಿದ್ದಲಿಗಾಗಿ. ಗಣಿಗಾರರು ಬೂಟಿನ ಮಸಿ ಮನೆಯೊಳಗೆ ಹರಡದಿರಲೆಂದು ಬಾಗಿಲಲ್ಲೇ ಬಿಚ್ಚಿಡುತ್ತಿದ್ದರು. ಗಣಿಗಳು ಒಂದೊಂದಾಗಿ ಮುಚ್ಚಿದರೂ ಆ ರೂಢಿ ಉಳಿಯಿತು, ಹಲವು ಹೋಟೆಲುಗಳಲ್ಲೂ ವಸ್ತುಸಂಗ್ರಹಾಲಯದಲ್ಲೂ ಒಳಗೆ ಕಾಲಿಡುವ ಮುನ್ನ ಪಾದರಕ್ಷೆ ಬಿಡಬೇಕು. ಇಲ್ಲಿ ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮನೆಗಳನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. 1918ರ ಸ್ಪ್ಯಾನಿಷ್ ಫ್ಲೂ ಜ್ವರದಲ್ಲಿ ಸತ್ತ ಏಳು ಯುವ ಗಣಿಗಾರರನ್ನು ಇದೇ ನೆಲದಲ್ಲಿ ಹೂಳಲಾಗಿತ್ತು. ವೈರಾಣುವಿನ ಕುರುಹು ಸಿಗಬಹುದೆಂದು 1998ರಲ್ಲಿ ವಿಜ್ಞಾನಿಗಳು ಆ ಸಮಾಧಿಗಳನ್ನು ಅಗೆದರು. ‘ಈ ಊರಿನಲ್ಲಿ ಸಾಯುವುದು ಕಾನೂನುಬಾಹಿರ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು ಸುಳ್ಳು. ಶವವನ್ನು ಹೂಳಲು ಇಲ್ಲಿ ಅವಕಾಶವಿಲ್ಲ, ಅಷ್ಟೇ.

ಇಲ್ಲಿಗೆ ಯಾರನ್ನು ನೆನೆದು ಹೋಗಬೇಕು? ಧ್ರುವಯಾತ್ರಿಕ ರೋಆಲ್ ಅಮುಂಡ್‌ಸೆನ್ ಹೆಸರು ಎಲ್ಲರಿಗೂ ಗೊತ್ತು. 1926ರ ಮೇ 11ರಂದು ‘ನಾರ್ಗೆ’ ವಾಯುನೌಕೆಯಲ್ಲಿ ಅದರ ಇಟಾಲಿಯನ್ ಚಾಲಕ ಉಂಬೆರ್ಟೊ ನೋಬಿಲೆ ಜೊತೆಗೆ ಸ್ವಾಲ್ಬಾರ್ಡ್‌ನಿಂದಲೇ ಹೊರಟು ಧ್ರುವದ ಮೇಲೆ ಹಾದುಹೋದವರು ಅವರು. ಎರಡು ವರ್ಷದ ನಂತರ ಅದೇ ನೋಬಿಲೆ ಅಪಘಾತಕ್ಕೆ ಸಿಲುಕಿದಾಗ, ಇಬ್ಬರ ನಡುವೆ ಆಗಲೇ ಮನಸ್ತಾಪ ಬೆಳೆದಿದ್ದರೂ, ಹುಡುಕಲು ಹೊರಟು ತಾವೇ ಕಣ್ಮರೆಯಾದರು. ನನಗೆ ಇನ್ನೂ ಹತ್ತಿರವಾದವರು ವಾನ್ನಿ ವೋಲ್ಡ್‌ಸ್ಟಾಡ್. ಟ್ರೋಮ್ಸೊದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ, ಇಬ್ಬರು ಮಕ್ಕಳ ಈ ತಾಯಿ 1932ರಲ್ಲಿ ಬೇಟೆಗಾರಳಾಗಿ ಸ್ವಾಲ್ಬಾರ್ಡ್‌ಗೆ ಬಂದು ಹಲವು ಚಳಿಗಾಲಗಳನ್ನು ಕಳೆದರು. ಗಂಡಸರದ್ದೇ ಎಂದುಕೊಂಡಿದ್ದ ಕಸುಬದು.

ಜಗತ್ತಿನ ಬೆಳೆಗಳ ಬೀಜಗಳನ್ನು ಕಾಪಿಡುವ ಇಲ್ಲಿನ ಬೀಜಭಂಡಾರದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನಿರಾಶೆಯಾಗುವುದು ಅಲ್ಲೇ. 2008ರ ಫೆಬ್ರುವರಿ 26ರಂದು ತೆರೆದ ಈ ಭಂಡಾರದಲ್ಲಿ, ಬೆಟ್ಟದ ಒಳಗೆ, −18 ಡಿಗ್ರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೀಜದ ಮಾದರಿಗಳಿವೆ. ಸಿರಿಯಾದ ಅಲೆಪ್ಪೊ ಬಳಿಯ ಬೀಜಬ್ಯಾಂಕ್ ಯುದ್ಧದಿಂದ ಕೈತಪ್ಪಿದಾಗ, 2015ರಲ್ಲಿ ಇಲ್ಲಿಂದ ಮೊದಲ ಬಾರಿಗೆ ಬೀಜಗಳನ್ನು ಹೊರತೆಗೆದು ಮತ್ತೆ ಬಿತ್ತಲಾಯಿತು. ಇಷ್ಟೆಲ್ಲ ಓದಿ ಹೋದರೆ ನಿಮಗೆ ಕಾಣುವುದು ಹಿಮದಿಂದ ಚಾಚಿಕೊಂಡ ಕಾಂಕ್ರೀಟಿನ ಬಾಗಿಲು ಮಾತ್ರ. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ.

ಯಾವಾಗ ಹೋಗುತ್ತೀರಿ ಎಂಬುದರ ಮೇಲೆ ಊರೇ ಬದಲಾಗುತ್ತದೆ. ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನಡುಹಗಲೂ ಕತ್ತಲು. ಏಪ್ರಿಲ್ ಉತ್ತರಾರ್ಧದಿಂದ ಆಗಸ್ಟ್‌ವರೆಗೆ ಸೂರ್ಯ ಮುಳುಗುವುದೇ ಇಲ್ಲ. ನನ್ನನ್ನು ಕೇಳಿದರೆ ಮಾರ್ಚ್ ಎರಡನೆಯ ವಾರ. ತಿಂಗಳುಗಟ್ಟಲೆ ಬೆಟ್ಟದ ಹಿಂದಿದ್ದ ಸೂರ್ಯನ ಮೊದಲ ಕಿರಣ ಮಾರ್ಚ್ 8ರ ಹೊತ್ತಿಗೆ ಹಳೆಯ ಆಸ್ಪತ್ರೆಯ ಮೆಟ್ಟಿಲನ್ನು ಮುಟ್ಟುತ್ತದೆ. ಆಸ್ಪತ್ರೆ ಈಗಿಲ್ಲ, ಮೆಟ್ಟಿಲು ಮಾತ್ರ ಇದೆ. ಊರಿನ ಮಕ್ಕಳೆಲ್ಲ ಅಲ್ಲಿ ಸೇರಿ ಸೂರ್ಯನನ್ನು ಕೂಗಿ ಕರೆಯುತ್ತಾರೆ. ಯಾವ ಕಾಲದಲ್ಲಿ ಹೋದರೂ ಊರಿನ ಗಡಿ ದಾಟಿ ಬರಿಗೈಯಲ್ಲಿ ಒಬ್ಬರೇ ನಡೆಯುವಂತಿಲ್ಲ; ಹಿಮಕರಡಿಯ ಭಯವಿದೆ, ಬಂದೂಕು ಹಿಡಿದ ಮಾರ್ಗದರ್ಶಿ ಜೊತೆಗಿರಬೇಕು. ಇಷ್ಟ ಬಂದಲ್ಲಿ ಒಬ್ಬರೇ ಅಲೆಯುವುದೇ ಪ್ರವಾಸವೆನ್ನುವವರಿಗೆ ಈ ಕಟ್ಟುಪಾಡು ಕಿರಿಕಿರಿ ಮಾಡುತ್ತದೆ. ಅಂಥವರಿಗೆ ಮುಂದಿನ ಊರು ಹೊಂದುತ್ತದೆ.

ಸೇಂಟ್ ಹೆಲೆನಾ, ಮತ್ತು ಅದರ ನೆರಳಿನಲ್ಲಿ ಹುಟ್ಟಿದ ಟ್ರಿಸ್ಟನ್

ಈ ಎರಡನ್ನು ಒಟ್ಟಿಗೇ ಹೇಳಬೇಕು. ಒಂದರ ಕಥೆ ಇಲ್ಲದೆ ಇನ್ನೊಂದಿಲ್ಲ.

1815ರ ಅಕ್ಟೋಬರಿನಲ್ಲಿ ಬ್ರಿಟಿಷರು ನೆಪೋಲಿಯನ್‌ನನ್ನು ಸೇಂಟ್ ಹೆಲೆನಾಕ್ಕೆ ತಂದಿಳಿಸಿದರು. ಅವನನ್ನು ಬಿಡಿಸಲು ಫ್ರೆಂಚರು ಬಂದಾರೆಂಬ ಶಂಕೆಯಿಂದ 1816ರಲ್ಲಿ ದಕ್ಷಿಣಕ್ಕೆ 2,400 ಕಿ.ಮೀ. ದೂರದ ಟ್ರಿಸ್ಟನ್‌ನಲ್ಲೂ ಒಂದು ಸೇನಾ ತುಕಡಿಯನ್ನು ಇಟ್ಟರು. ಮರುವರ್ಷ ತುಕಡಿಯನ್ನು ವಾಪಸು ಕರೆದಾಗ ಸ್ಕಾಟ್ಲೆಂಡಿನ ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಉಳಿದ. ಜೊತೆಗೆ ಉಳಿದವರೊಂದಿಗೆ ಒಂದು ಕರಾರು ಬರೆದುಕೊಂಡ: ಸರಕಿನಲ್ಲಿ ಎಲ್ಲರಿಗೂ ಸಮಪಾಲು, ಲಾಭದಲ್ಲೂ ಸಮಪಾಲು, ಯಾರೂ ಯಾರಿಗಿಂತ ಮೇಲಲ್ಲ. ಒಂದೆಡೆ ಇಡೀ ಯುರೋಪನ್ನು ಆಳಲು ಹೋದವನ ಕೊನೆಯ ವರ್ಷಗಳು, ಇನ್ನೊಂದೆಡೆ ಅವನನ್ನು ಕಾಯಲು ಹೋದ ಸಿಪಾಯಿ ಕಟ್ಟಿದ ಸಮಾನರ ಊರು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಸೇಂಟ್ ಹೆಲೆನಾಕ್ಕೆ ವಿಮಾನ ಬಂದದ್ದು ತೀರಾ ಈಚೆಗೆ. ರನ್‌ವೇ ಸಿದ್ಧವಾದ ಮೇಲೂ ಅದರ ತುದಿಯಲ್ಲಿ ಗಾಳಿ ದಿಢೀರನೆ ದಿಕ್ಕು ಬದಲಿಸುವ ಕಾರಣ ಕಾಯಬೇಕಾಯಿತು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ಮೊದಲ ನಿಯಮಿತ ವಾಣಿಜ್ಯ ವಿಮಾನ ಇಳಿಯಿತು, ಅಲ್ಲಿಯವರೆಗೆ ಕೇಪ್‌ಟೌನ್‌ನಿಂದ ಐದಾರು ದಿನದ ಹಡಗೇ ದಾರಿಯಾಗಿತ್ತು. ಈಗ ವಿಮಾನ ಸಾಮಾನ್ಯವಾಗಿ ವಾರಕ್ಕೊಂದರಂತೆ ಇರುವುದರಿಂದ ನಿಮ್ಮ ವಾಸ ಹೆಚ್ಚಾಗಿ ಏಳು ದಿನ ಅಥವಾ ಹದಿನಾಲ್ಕು ದಿನ. ಗಾಳಿ ಅಥವಾ ಮಂಜು ಅಡ್ಡಬಂದರೆ ಇನ್ನೂ ಒಂದೆರಡು ದಿನ ಸೇರಬಹುದು. ವಾಪಸು ಬಂದ ಮರುದಿನವೇ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ಏಳು ದಿನ ಹೆಚ್ಚಾಯಿತು ಎನಿಸುವುದಿಲ್ಲ. ಸುಮಾರು 120 ಚದರ ಕಿ.ಮೀ. ದ್ವೀಪದಲ್ಲಿ ಕರಾವಳಿ ಬೋಳು ಬಂಡೆ, ನಡುಗುಡ್ಡ ಮಂಜು ಮುಸುಕಿದ ಹಸಿರು. ರಾಜಧಾನಿ ಜೇಮ್ಸ್‌ಟೌನ್ ಎರಡು ಕಡಿದಾದ ಗುಡ್ಡಗಳ ಸಂದಿಯಲ್ಲಿ ಸಿಕ್ಕಿಕೊಂಡಂತಿದೆ, ಅಲ್ಲಿಂದ ಮೇಲಕ್ಕೆ 699 ಮೆಟ್ಟಿಲುಗಳ ‘ಜೇಕಬ್ಸ್ ಲ್ಯಾಡರ್’. ಮೊಣಕಾಲು ಗಟ್ಟಿಯಿಲ್ಲದವರಿಗೆ ಮೇಲಿನವರೆಗೆ ರಸ್ತೆಯೂ ಇದೆ. ಎದುರಾದ ಪ್ರತಿಯೊಂದು ಕಾರಿನ ಚಾಲಕನೂ ಕೈ ಎತ್ತುತ್ತಾನೆ, ನೀವೂ ಎತ್ತಬೇಕು.

ನೆಪೋಲಿಯನ್ ಕೊನೆಯುಸಿರೆಳೆದ ಲಾಂಗ್‌ವುಡ್ ಮನೆಯನ್ನು ಎಲ್ಲರೂ ನೋಡುತ್ತಾರೆ. ಅವನ ಸಮಾಧಿಯ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಕಣಿವೆಯ ಹುಲ್ಲಿನ ನಡುವೆ ಕಬ್ಬಿಣದ ಬೇಲಿ, ಅದರೊಳಗೆ ನೆಲಕ್ಕೆ ಸಮವಾಗಿ ಹಾಸಿದ ಕಲ್ಲಿನ ಚಪ್ಪಡಿ. ಅದರ ಮೇಲೆ ಒಂದಕ್ಷರವೂ ಇಲ್ಲ. ಅವನ ಜೊತೆಗಿದ್ದ ಫ್ರೆಂಚರು ‘ನೆಪೋಲಿಯನ್’ ಎಂದಷ್ಟೇ ಕೆತ್ತಬೇಕೆಂದರು. ಹಾಗೆ ಬರೆದರೆ ಚಕ್ರವರ್ತಿ ಎಂದು ಒಪ್ಪಿದಂತಾಗುತ್ತದೆಂದು ಗವರ್ನರ್ ಹಡ್ಸನ್ ಲೋ ‘ಬೋನಪಾರ್ಟ್’ ಸೇರಿಸಬೇಕೆಂದು ಹಟ ಹಿಡಿದ. ಯಾರೂ ಬಗ್ಗಲಿಲ್ಲ, ಕಲ್ಲು ಹಾಗೇ ಉಳಿಯಿತು. 1840ರಲ್ಲಿ ದೇಹವನ್ನು ಪ್ಯಾರಿಸ್‌ಗೆ ಒಯ್ದರು. ಈಗ ಅಲ್ಲಿರುವುದು ಬರಿದಾದ ಗುಂಡಿಯ ಮೇಲಿನ ಹೆಸರಿಲ್ಲದ ಕಲ್ಲು.

ಆದರೆ ದ್ವೀಪವನ್ನು ಅವನೊಬ್ಬನಿಗೆ ಬಿಟ್ಟುಕೊಡುವುದು ಅನ್ಯಾಯ. 1840ರ ನಂತರ ಬ್ರಿಟಿಷ್ ನೌಕಾಪಡೆ ಅಟ್ಲಾಂಟಿಕ್‌ನಲ್ಲಿ ತಡೆದ ಗುಲಾಮರ ಹಡಗುಗಳಿಂದ 25,000ದಷ್ಟು ಆಫ್ರಿಕನ್ನರನ್ನು ಇಲ್ಲಿಗೆ ಇಳಿಸಿತು. ಹಡಗಿನ ಹೊಟ್ಟೆಯಲ್ಲೇ ಜೀವ ಸೋತಿದ್ದ ಸಾವಿರಾರು ಜನ ದಡ ಸೇರಿದ ಮೇಲೆ ಸತ್ತರು. ಅವರನ್ನು ಹೂಳಿದ್ದು ರೂಪರ್ಟ್ಸ್ ಕಣಿವೆಯಲ್ಲಿ. ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡಲು ಅಗೆದಾಗ ಮುನ್ನೂರಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕವು, 2022ರಲ್ಲಿ ಅವನ್ನು ಗೌರವದಿಂದ ಮತ್ತೆ ಮಣ್ಣು ಮಾಡಲಾಯಿತು. ವಿಮಾನದಲ್ಲಿ ಬರುವ ಪ್ರತಿಯೊಬ್ಬರೂ ಆ ಅಗೆತಕ್ಕೆ ಋಣಿಗಳು. ಲಾಂಗ್‌ವುಡ್‌ಗೆ ಅರ್ಧ ದಿನ ಕೊಡುವವರು ರೂಪರ್ಟ್ಸ್‌ಗೆ ಒಂದು ಗಂಟೆಯನ್ನಾದರೂ ಕೊಡಲೇಬೇಕು. 1890ರಿಂದ 1897ರವರೆಗೆ ಇಲ್ಲಿ ಸೆರೆಯಲ್ಲಿದ್ದ, ದಕ್ಷಿಣ ಆಫ್ರಿಕಾದ ಜುಲು ಜನರ ರಾಜ ದಿನುಜುಲುವಿನ ಹೆಸರನ್ನೂ ಊರಿನವರ ಬಳಿ ಎತ್ತಿ ನೋಡಿ.

ಇನ್ನು ಟ್ರಿಸ್ಟನ್. ಇಲ್ಲಿ ವಿಮಾನವಿಲ್ಲ, ಹೋಟೆಲಿಲ್ಲ. ಇನ್ನೂರು ಚಿಲ್ಲರೆ ಜನ, ‘ಎಡಿನ್‌ಬರ್ಗ್ ಆಫ್ ದಿ ಸೆವೆನ್ ಸೀಸ್’ ಎಂಬ ಉದ್ದ ಹೆಸರಿನ ಒಂದೇ ಊರು. ಹೋಗುವ ಮೊದಲು ದ್ವೀಪ ಮಂಡಳಿಯ ಒಪ್ಪಿಗೆ ಪಡೆಯಬೇಕು, ತಂಗುವುದು ಯಾರದಾದರೂ ಮನೆಯಲ್ಲಿ ಅಥವಾ ಮಂಡಳಿ ಕೊಡುವ ಅತಿಥಿಗೃಹದಲ್ಲಿ. ನೆಲವೆಲ್ಲ ಊರಿನ ಸಾಮೂಹಿಕ ಆಸ್ತಿ, ಹೊರಗಿನವರು ಕೊಳ್ಳುವಂತಿಲ್ಲ, ನೆಲೆಸುವಂತಿಲ್ಲ. ಗ್ಲಾಸ್ ಬರೆದ ಕರಾರಿನ ಉಸಿರು ಇನ್ನೂ ಆಡುತ್ತಿದೆ.

1827ರಲ್ಲಿ ದ್ವೀಪದ ಒಂಟಿ ಗಂಡಸರು ಹಡಗಿನ ಕಪ್ತಾನನೊಬ್ಬನನ್ನು ಬೇಡಿಕೊಂಡು ಸೇಂಟ್ ಹೆಲೆನಾದಿಂದ ಮದುವೆಗೆ ಹೆಣ್ಣುಗಳನ್ನು ಕರೆತರಿಸಿಕೊಂಡರು. ಐವರು ಬಂದರು. ಗೊತ್ತಿಲ್ಲದ ಗಂಡಸರನ್ನು ನಂಬಿ ಗೊತ್ತಿಲ್ಲದ ದ್ವೀಪಕ್ಕೆ ಬಂದ ಆ ಐವರ ಧೈರ್ಯದ ಮುಂದೆ ನೆಪೋಲಿಯನ್ನನ ದಂಡಯಾತ್ರೆಗಳು ನನಗೆ ಸಣ್ಣದಾಗಿ ಕಾಣುತ್ತವೆ. ಇಂದು ಊರಿನಲ್ಲಿರುವ ಮನೆತನದ ಹೆಸರುಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದು: ಗ್ಲಾಸ್, ಸ್ವೇನ್, ಗ್ರೀನ್, ರೋಜರ್ಸ್, ಹೇಗನ್, ಜೊತೆಗೆ 1892ರಲ್ಲಿ ಹಡಗೊಡೆದು ದಡ ಸೇರಿದ ಇಬ್ಬರು ಇಟಾಲಿಯನ್ ನಾವಿಕರಿಂದ ಬಂದ ಲಾವರೆಲ್ಲೊ, ರೆಪೆಟ್ಟೊ.

1961ರ ಅಕ್ಟೋಬರಿನಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಬಾಯ್ತೆರೆದಾಗ ಇಡೀ ಊರನ್ನು ಖಾಲಿ ಮಾಡಿಸಿ ಇಂಗ್ಲೆಂಡಿಗೆ ಸಾಗಿಸಿದರು. ವಿದ್ಯುತ್ತು, ಬಸ್ಸು, ಸಿನಿಮಾ, ಸಂಬಳ ಎಲ್ಲವೂ ಅಲ್ಲಿತ್ತು. ವಾಪಸಾಗಬೇಕೆ ಎಂದು ಮರುವರ್ಷ ಮತ ಹಾಕಿದಾಗ 148 ಜನ ಹೌದೆಂದರು, ಐವರು ಮಾತ್ರ ಬೇಡವೆಂದರು. 1963ರಲ್ಲಿ ಊರು ಮತ್ತೆ ತುಂಬಿತು.

ಆ ಬದುಕಿನ ಬಡಿತ ಕೇಳಬೇಕಾದರೆ ಮೀನುಗಾರಿಕೆಯ ದಿನ ಅಲ್ಲಿರಬೇಕು. ನಸುಕಿನಲ್ಲಿ ಹಿರಿಯರು ಸಮುದ್ರವನ್ನು ನೋಡಿ ತೀರ್ಮಾನ ಮಾಡುತ್ತಾರೆ. ಹೋಗಬಹುದು ಎಂದಾದರೆ ತೂಗುಹಾಕಿದ ಖಾಲಿ ಸಿಲಿಂಡರನ್ನು ಸುತ್ತಿಗೆಯಿಂದ ಬಡಿಯುತ್ತಾರೆ. ಸದ್ದು ಊರಿಗೆಲ್ಲ ಮುಟ್ಟುತ್ತಲೇ ಕಚೇರಿಯಲ್ಲಿ ದುಡಿಯುವವರೂ ಆ ಕೆಲಸ ಬಿಟ್ಟು ದೋಣಿಗೆ ಹೋಗುತ್ತಾರೆ; ಊರಿನ ಆದಾಯದ ಬೆನ್ನೆಲುಬು ಅಲ್ಲಿನ ಕಲ್ಲುನಳ್ಳಿ (ರಾಕ್ ಲಾಬ್‌ಸ್ಟರ್). ನಿಮ್ಮನ್ನು ಜ್ವಾಲಾಮುಖಿಯ ತುದಿಗೆ ಕರೆದೊಯ್ಯಬೇಕಿದ್ದ ಮಾರ್ಗದರ್ಶಿಯೂ ಅವರಲ್ಲೊಬ್ಬನಿರಬಹುದು. ಅಂದಿನ ಚಾರಣ ರದ್ದು. ಅದಕ್ಕೆ ಮುಖ ಗಂಟಿಕ್ಕುವವರು ಟ್ರಿಸ್ಟನ್ ಆರಿಸಿಕೊಳ್ಳಬಾರದು.

ಪಿಟ್‌ಕೇರ್ನ್: ಕಥೆ ಗೊತ್ತಿದ್ದೂ ಹೋಗುವವರಿಗೆ

ತಾಹಿತಿ ದ್ವೀಪದಿಂದ ಮಂಗರೇವಾ ದ್ವೀಪಕ್ಕೆ ವಿಮಾನ, ಅಲ್ಲಿಂದ ಒಂದೂವರೆ ದಿನದಷ್ಟು ಹಡಗು, ಕೊನೆಗೆ ಊರಿನವರೇ ಬಂದು ಇಳಿಸಿಕೊಳ್ಳುವ ಉದ್ದ ದೋಣಿ. ಹಡಗಿಗೆ ನಿಗದಿತ ವೇಳಾಪಟ್ಟಿ ಇರುವುದರಿಂದ ಟ್ರಿಸ್ಟನ್‌ಗಿಂತ ಇಲ್ಲಿ ಅನಿಶ್ಚಯ ಕಡಿಮೆ. ಆದರೆ ನೆಲ ಐದು ಚದರ ಕಿ.ಮೀ.ಗೂ ಕಡಿಮೆ, ಜನ ಐವತ್ತಕ್ಕೂ ಕಡಿಮೆ.

1789ರ ಏಪ್ರಿಲ್ 28ರಂದು ಬ್ರಿಟಿಷ್ ನೌಕಾಪಡೆಯ ‘ಬೌಂಟಿ’ ಹಡಗಿನಲ್ಲಿ ದಂಗೆಯೆದ್ದ ಫ್ಲೆಚರ್ ಕ್ರಿಶ್ಚಿಯನ್, ಮರುವರ್ಷದ ಜನವರಿಯಲ್ಲಿ ಎಂಟು ಜನ ಸಂಗಡಿಗರು ಮತ್ತು ಪಾಲಿನೇಷ್ಯಾದ ಗಂಡಸರು, ಹೆಂಗಸರೊಂದಿಗೆ ಇಲ್ಲಿ ಅಡಗಿದ. ಆಗಿನ ನಕಾಶೆಗಳಲ್ಲಿ ದ್ವೀಪವನ್ನು ತಪ್ಪಾದ ಜಾಗದಲ್ಲಿ ಗುರುತಿಸಿದ್ದು ಅವನಿಗೆ ಅನುಕೂಲವಾಯಿತು. ಹತ್ತು ವರ್ಷ ತುಂಬುವುದರೊಳಗೆ ಗಂಡಸರಲ್ಲಿ ಹೆಚ್ಚಿನವರು ಪರಸ್ಪರ ಕೊಂದುಕೊಂಡಿದ್ದರು. 1808ರಲ್ಲಿ ಅಮೆರಿಕದ ಹಡಗೊಂದು ಬಂದಾಗ ದಂಗೆಕೋರರಲ್ಲಿ ಉಳಿದಿದ್ದವನು ಜಾನ್ ಆಡಮ್ಸ್ ಒಬ್ಬನೇ. ಊರನ್ನು ಉಳಿಸಿ ಬೆಳೆಸಿದ್ದು ಹೆಂಗಸರು. ಕ್ರಿಶ್ಚಿಯನ್‌ನ ಸಂಗಾತಿ ಮಾವಾತುವಾ ಮತ್ತು ಅವಳ ಜೊತೆಯವರು ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ತುಣುಕುಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. 1838ರಲ್ಲೇ ಇಲ್ಲಿ ಹೆಂಗಸರಿಗೂ ಮತದ ಹಕ್ಕು ಬಂತು.

ಇನ್ನೊಂದನ್ನು ಮುಚ್ಚಿಡಬಾರದು. 2004ರಲ್ಲಿ ದ್ವೀಪದ ಏಳು ಗಂಡಸರ ಮೇಲೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ವಿಚಾರಣೆ ನಡೆದು ಆರು ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ದಂಗೆಯ ರೋಮಾಂಚನವನ್ನಷ್ಟೇ ತುಂಬಿಕೊಂಡು ಹೋಗುವವರಿಗೆ ನಾನು ಪಿಟ್‌ಕೇರ್ನ್ ಸೂಚಿಸುವುದಿಲ್ಲ. ಇದನ್ನೂ ತಿಳಿದುಕೊಂಡು, ಆ ಬಳಿಕ ಊರನ್ನು ಉಳಿಸಿಕೊಳ್ಳಲು ಹೆಣಗುತ್ತಿರುವವರ ಮನೆಯಲ್ಲಿ ಕುಳಿತು ಮಾತಾಡುವ ತಾಳ್ಮೆ ಇರುವವರು ಹೋಗಲಿ.

ಯಾರಿಗೆ ಯಾವುದು

ಕೈಯಲ್ಲಿ ನಾಲ್ಕೈದು ದಿನ ಮಾತ್ರ ಇದ್ದರೆ ಚರ್ಚೆಯೇ ಬೇಡ: ಕೂಬರ್ ಪೀಡಿ ಅಥವಾ ಲಾಂಗಿಯರ್‌ಬೀನ್. ಬಿಸಿಲು ತಡೆಯುವವರಿಗೆ ಮೊದಲನೆಯದು, ಚಳಿ ತಡೆಯುವವರಿಗೆ ಎರಡನೆಯದು. ಹತ್ತು ಹನ್ನೆರಡು ದಿನ ಸಿಕ್ಕರೆ ಸೇಂಟ್ ಹೆಲೆನಾ. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವುದಿದ್ದರೂ ದ್ವೀಪಗಳಲ್ಲಿ ಇದೊಂದನ್ನೇ ಒಪ್ಪುತ್ತೇನೆ. ವಿಮಾನದಿಂದ ನೇರ ನೆಲಕ್ಕೆ ಇಳಿಯಬಹುದು, ರಸ್ತೆಗಳಿವೆ, ಜೇಮ್ಸ್‌ಟೌನ್‌ನಲ್ಲಿ ಆಸ್ಪತ್ರೆಯಿದೆ. ಉಳಿದೆರಡು ದ್ವೀಪಗಳಲ್ಲಿ ಹಡಗಿನಿಂದ ದೋಣಿಗೆ, ದೋಣಿಯಿಂದ ದಡಕ್ಕೆ ಇಳಿಯುವ ಕ್ಷಣದಲ್ಲಿ ಅಲೆಯ ಏರಿಳಿತ ನೋಡಿ ಹೆಜ್ಜೆ ಇಡಬೇಕಾಗುತ್ತದೆ. ಕಾಲಲ್ಲಿ ಬಲವಿರಬೇಕು, ‘ಈಗ’ ಎಂದಾಗ ಅನುಮಾನಿಸದೆ ಇಳಿಯಬೇಕು.

ಆರೋಗ್ಯದ ವಿಷಯದಲ್ಲಿ ನಿಷ್ಠುರವಾಗಿರಿ. ಲಾಂಗಿಯರ್‌ಬೀನ್‌ನಲ್ಲಿ ಗಂಭೀರವಾದರೆ ಟ್ರೋಮ್ಸೊಗೆ ವಿಮಾನದಲ್ಲಿ ಒಯ್ಯುತ್ತಾರೆ. ಟ್ರಿಸ್ಟನ್‌ನಲ್ಲಿ ವೈದ್ಯರಿದ್ದಾರೆ, ಚಿಕ್ಕ ಆಸ್ಪತ್ರೆಯಿದೆ, ಆದರೆ ಅದನ್ನು ಮೀರಿದ ಚಿಕಿತ್ಸೆ ಬೇಕಾದರೆ ಹಡಗು ಸಿಗಬೇಕು, ಕೇಪ್‌ಟೌನ್ ಮುಟ್ಟಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಟ್ರಿಸ್ಟನ್ ಮತ್ತು ಪಿಟ್‌ಕೇರ್ನ್ ಆಸೆಯನ್ನು ಸದ್ಯಕ್ಕೆ ಬದಿಗಿಡುವುದೇ ಸರಿ. ರೋಗಿಯನ್ನು ಹೊರಗೆ ಸಾಗಿಸುವ ವೆಚ್ಚ ಸೇರಿದ ವಿಮೆ ಮೂರೂ ದ್ವೀಪಗಳಿಗೆ ಬೇಕೇಬೇಕು.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇಂಟ್ ಹೆಲೆನಾದ ಪೌಂಡು ಬ್ರಿಟಿಷ್ ಪೌಂಡಿಗೆ ಸಮ, ಆದರೆ ದ್ವೀಪದ ಆಚೆ ಬಹುತೇಕ ಎಲ್ಲೂ ಅದು ಚಲಾವಣೆಯಲ್ಲಿಲ್ಲ, ಹೊರಡುವ ಮುನ್ನ ಬದಲಿಸಿಕೊಳ್ಳಿ. ಪಿಟ್‌ಕೇರ್ನ್‌ಗೆ ನ್ಯೂಜಿಲೆಂಡ್ ಡಾಲರ್ ನಗದು ಒಯ್ಯಿರಿ.

ಸೇಂಟ್ ಹೆಲೆನಾ ಮತ್ತು ಟ್ರಿಸ್ಟನ್ ನಡುವೆ ತೂಗಾಡುತ್ತಿರುವವರಿಗೆ ನನ್ನ ಸಲಹೆ: ಮೊದಲು ಸೇಂಟ್ ಹೆಲೆನಾ. ಅಲ್ಲಿ ಒಂದು ವಾರ ಕಳೆದ ಮೇಲೆ, ವಿಮಾನ ಒಂದು ದಿನ ತಡವಾದಾಗ ನಿಮಗೆ ಹೇಗನಿಸಿತು ಎಂದು ನೆನಪಿಸಿಕೊಳ್ಳಿ. ಚಡಪಡಿಸಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ದಿನ ಸಿಕ್ಕಿತೆಂದು ಖುಷಿಯಾಗಿದ್ದರೆ ಟ್ರಿಸ್ಟನ್ ಮಂಡಳಿಗೆ ಅರ್ಜಿ ಬರೆಯಿರಿ, ಬರೆದ ಮೇಲೆ ತಿಂಗಳುಗಟ್ಟಲೆ ಕಾಯಲು ಸಿದ್ಧರಾಗಿ. ಕೇಪ್‌ಟೌನ್‌ನಿಂದ ಹಡಗು ಹೊರಡುವುದು ವರ್ಷದಲ್ಲಿ ಕೆಲವೇ ಸಲ, ಸರಕು ಮತ್ತು ಮೀನಿನ ಹಡಗುಗಳಲ್ಲಿ ಸ್ಥಳ ಹನ್ನೆರಡರಷ್ಟು. ಆ ಹಾಸಿಗೆಗಳನ್ನು ಹಂಚುವುದಕ್ಕೆ ಊರಿನವರು ಒಂದು ಸರದಿ ಇಟ್ಟುಕೊಂಡಿದ್ದಾರೆ: ತುರ್ತು ಚಿಕಿತ್ಸೆಗೆ ಹೋಗುವವರು ಮೊದಲು, ದ್ವೀಪದವರು ಮತ್ತು ಅಲ್ಲಿ ಕೆಲಸಕ್ಕೆ ಬರುವವರು ನಂತರ, ಪ್ರವಾಸಿಗರು ಎಲ್ಲರಿಗಿಂತ ಕೊನೆಗೆ.